ಕೊನೆಯ ಫರ್ಲಾಂಗಿನ ಹೊಣೆ ಯಾರದು?

ಆಷಾಢ ಕಳೆದು ಶ್ರಾವಣ ಕಾಲಿಡುವ ದಿನಗಳಲ್ಲಿ ಬಸವನಗುಡಿಯ ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆ ಹಾಗೂ ಚಾಮರಾಜಪೇಟೆಯ ಅಂಗಡಿಸಾಲುಗಳಲ್ಲಿ ಎರಡು ಬಗೆಯ ವ್ಯಾಪಾರ ಏಕಕಾಲಕ್ಕೆ ನಡೆಯುತ್ತದೆ. ಒಂದು, ಅಂಗಡಿಯ ಮುಂದೆ ನಿಂತ ಗ್ರಾಹಕರೊಡನೆ ನಡೆಯುವುದು. ಇನ್ನೊಂದು, ಅಂಗಡಿಯ ಹಿಂಬದಿಯ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ, ವಿಳಾಸದ ಚೀಟಿಗಳ ನಡುವೆ ಸದ್ದಿಲ್ಲದೆ ನಡೆಯುವುದು. ಸೀರೆ, ಪೂಜಾ ಸಾಮಗ್ರಿ, ಗ್ರಂಧಿಗೆ ಅಂಗಡಿಯ ಬೇರು-ನಾರು, ಹಪ್ಪಳ ಸಂಡಿಗೆ, ಅಗರಬತ್ತಿ, ಪುಸ್ತಕ ಮೊದಲಾದ ಸರಕುಗಳು ಇಲ್ಲಿಂದ ಕಟ್ಟಾಗಿ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಿದ್ದಾಪುರ, ಸುಳ್ಯಗಳ ಆಚೆಯ ಹಳ್ಳಿಮನೆಗಳಿಗೆ ಹೊರಡುತ್ತವೆ. ಮಲೆನಾಡಿನಲ್ಲಿ ಮಳೆ ಜೋರಾಗಿರುವುದೂ ಇದೇ ದಿನಗಳಲ್ಲಿ. ಹಬ್ಬದ ಬೇಡಿಕೆಯ ಏರಿಕೆ ಮತ್ತು ದಾರಿಯ ಕಷ್ಟ ಎರಡೂ ಒಟ್ಟಿಗೆ ಬರುವ ಈ ಹೊತ್ತು ಹಳೆಯ ಬೆಂಗಳೂರಿನ ವರ್ತಕರ ಪಾಲಿಗೆ ಪರೀಕ್ಷೆಯ ಕಾಲವೆಂದರೆ ತಪ್ಪಾಗಲಾರದು.

ಎಲ್ಲ ವರ್ತಕರಿಗೂ ಪರಿಚಿತವಾಗಿರಬಹುದಾದ ಒಂದು ಪ್ರಸಂಗವನ್ನು ಊಹಿಸಿಕೊಂಡರೆ ಸಾಕು. ಹಳ್ಳಿಯ ಗೃಹಿಣಿಯೊಬ್ಬರು ವರಮಹಾಲಕ್ಷ್ಮಿ ಹಬ್ಬಕ್ಕೆಂದು ನಾಲ್ಕು ಸಾವಿರ ರೂಪಾಯಿಯ ಸೀರೆಗೆ ಮುಂಗಡವಾಗಿ ಹಣ ಪಾವತಿಸುತ್ತಾರೆ. ಅಂಗಡಿಯವರು ಅದೇ ದಿನ ಸರಕನ್ನು ಕೊರಿಯರ್ ಕಚೇರಿಗೆ ಒಪ್ಪಿಸಿ ರಸೀದಿಯ ಸಂಖ್ಯೆ ಕಳುಹಿಸುತ್ತಾರೆ. ಮೂರನೆಯ ದಿನ ಮೊಬೈಲಿಗೆ ‘ಬಟವಾಡೆ ಆಗಿದೆ’ ಎಂಬ ಸಂದೇಶ ಬರುತ್ತದೆ. ಮನೆಗೆ ಮಾತ್ರ ಏನೂ ಬಂದಿರುವುದಿಲ್ಲ. ವಿಚಾರಿಸಿದಾಗ, ಪೊಟ್ಟಣವನ್ನು ಮೂರು ಕಿಲೋಮೀಟರ್ ದೂರದ ಬಸ್ ತಂಗುದಾಣದಲ್ಲಿ ಯಾರದೋ ಕೈಗೆ ಕೊಡಲಾಗಿತ್ತೆಂದೋ, ತೋಟದ ದಣಪೆಯ ಒಳಗೆ ಎಸೆದು ಹೋಗಲಾಗಿತ್ತೆಂದೋ ತಿಳಿಯುತ್ತದೆ. ಸಿಕ್ಕಾಗ ಸೀರೆ ನೆನೆದು ಬಣ್ಣ ಬಿಟ್ಟಿರುತ್ತದೆ. ಆಕೆ ಅಂಗಡಿಗೆ ದೂರವಾಣಿ ಮಾಡಿದರೆ ‘ಕೊರಿಯರಿನವರನ್ನು ಕೇಳಿ ಅಮ್ಮ’ ಎಂಬ ಉತ್ತರ. ಕೊರಿಯರಿನವರನ್ನು ಕೇಳಿದರೆ ‘ಕಳುಹಿಸಿದವರೇ ದೂರು ಕೊಡಬೇಕು’ ಎಂಬ ಉತ್ತರ. ಹಬ್ಬ ಮುಗಿದಿರುತ್ತದೆ. ಆಕೆಯ ಹಣ ವರ್ತಕರ ಬಳಿ ಇರುತ್ತದೆ. ಸೀರೆಯ ಹೊಣೆ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಇಂತಹ ಪ್ರಸಂಗದಲ್ಲಿ ತಪ್ಪು ಕೊನೆಯ ಕೈಯದೆಂದು ಹೇಳುವುದು ಸುಲಭ. ಆದರೆ ಗ್ರಾಹಕರು ಸೀರೆ ಕೊಂಡದ್ದು ಅಂಗಡಿಯಿಂದಲೇ ಹೊರತು ಸಾಗಣೆದಾರನಿಂದಲ್ಲ. ಆ ಸಾಗಣೆದಾರನನ್ನು ಆರಿಸಿದವರು ಅವರಲ್ಲ, ಅವನೊಡನೆ ದರ ಗೊತ್ತುಮಾಡಿದವರೂ ಅವರಲ್ಲ. ಆದ್ದರಿಂದ ಹಳ್ಳಿಮನೆಯ ಬಾಗಿಲವರೆಗಿನ ಕೊನೆಯ ಫರ್ಲಾಂಗು ಕೂಡ ವರ್ತಕರ ವ್ಯಾಪಾರದ ಒಂದು ಭಾಗವೆಂದು ಒಪ್ಪಿಕೊಳ್ಳುವುದು ಅಗತ್ಯ. ಇದು ನೀತಿಯ ಮಾತು ಮಾತ್ರವಲ್ಲ. ಕಾನೂನಿನ ಮಾತೂ ಹೌದು, ಲೆಕ್ಕಾಚಾರದ ಮಾತೂ ಹೌದು.

ಪೇಟೆಯ ವಿಳಾಸ, ಹಳ್ಳಿಯ ವಿಳಾಸ

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ ಇವು ಮೂರೂ ನಕ್ಷೆ ಹಾಕಿ ಕಟ್ಟಿದ ಬಡಾವಣೆಗಳು. ಮನೆಯ ಸಂಖ್ಯೆ, ಮುಖ್ಯರಸ್ತೆ, ಅಡ್ಡರಸ್ತೆ ಹೇಳಿದರೆ ಸಾಕು, ಹೊಸಬನೂ ಬಾಗಿಲಿಗೆ ಬಂದು ನಿಲ್ಲುತ್ತಾನೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದಮೇಲೆ ಮಲ್ಲೇಶ್ವರಕ್ಕೆ 560003, ಬಸವನಗುಡಿಗೆ 560004, ಚಾಮರಾಜಪೇಟೆಗೆ 560018 ಎಂಬ ಸಂಖ್ಯೆಗಳು ಈ ಸ್ಪಷ್ಟತೆಯನ್ನು ಇನ್ನಷ್ಟು ಹೆಚ್ಚಿಸಿದವು. ಇಂತಹ ವ್ಯವಸ್ಥೆಯಲ್ಲಿ ಬೆಳೆದ ವರ್ತಕರಿಗೆ ಎಲ್ಲ ವಿಳಾಸಗಳೂ ಹೀಗೆಯೇ ಇರುತ್ತವೆಂಬ ಭಾವನೆ ಸಹಜ.

ಹಳ್ಳಿಯ ವಿಳಾಸದ ಸ್ವರೂಪ ಬೇರೆ. ಅಲ್ಲಿ ಒಂದು ಪಿನ್‌ಕೋಡಿನ ವ್ಯಾಪ್ತಿಗೆ ಹತ್ತಾರು ಊರುಗಳು ಸೇರಿರಬಹುದು. ಮಲೆನಾಡಿನಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳ ಸಾಲಲ್ಲ. ತೋಟ, ಗದ್ದೆ, ಗುಡ್ಡಗಳ ನಡುವೆ ಒಂದರಿಂದೊಂದು ದೂರ ನಿಂತ ಒಂಟಿ ಮನೆಗಳು. ಮನೆಯ ಹೆಸರು, ಯಜಮಾನರ ಹೆಸರು, ಅಂಚೆ, ತಾಲ್ಲೂಕು ಇಷ್ಟೇ ವಿಳಾಸ. ಊರಿನವರಿಗೆ ಅದು ಸಾಕು; ಹೊರಗಿನವನಿಗೆ ಸಾಲದು. ಅನೇಕ ಕಡೆ ದೂರವಾಣಿಯ ಸಂಕೇತ ಸಿಗಬೇಕಾದರೆ ಗುಡ್ಡ ಹತ್ತಬೇಕು. ಬಟವಾಡೆಯವನು ಕರೆ ಮಾಡಿದಾಗ ಉತ್ತರ ಬಾರದಿರುವುದಕ್ಕೆ ಗ್ರಾಹಕರ ಅಲಕ್ಷ್ಯವೇ ಕಾರಣವಾಗಿರಬೇಕಿಲ್ಲ.

ಅಂಚೆ ಇಲಾಖೆಗೆ ಈ ತೊಡಕು ಅಷ್ಟಾಗಿ ಬಾಧಿಸದಿರಲು ಕಾರಣವಿದೆ. ದೇಶದ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಗ್ರಾಮೀಣ ಪ್ರದೇಶದಲ್ಲಿವೆ. ಶಾಖಾ ಅಂಚೆ ಕಚೇರಿಯ ಗ್ರಾಮೀಣ ಅಂಚೆ ಸೇವಕರು ಬಹುಮಟ್ಟಿಗೆ ಅದೇ ಸೀಮೆಯವರು. ಯಾವ ಮನೆಗೆ ಯಾವ ಕಾಲುದಾರಿ, ಯಾರು ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆ, ಇಲ್ಲದಾಗ ಯಾರ ಕೈಗೆ ಕೊಟ್ಟರೆ ಕ್ಷೇಮ ಎಂಬುದು ಅವರಿಗೆ ತಿಳಿದಿರುತ್ತದೆ. 1877ರಲ್ಲಿ ಆರಂಭವಾದ ವಿ.ಪಿ.ಪಿ. ಪದ್ಧತಿ ದಶಕಗಳ ಕಾಲ ಪುಸ್ತಕ, ಔಷಧಿ, ಬೀಜಗಳನ್ನು ಹಳ್ಳಿಗಳಿಗೆ ಒಯ್ದದ್ದು ಈ ತಿಳಿವಳಿಕೆಯ ಬಲದಿಂದಲೇ. ಸರಕು ಕೈಸೇರಿದಾಗಲೇ ಹಣ ಕೊಡುವ ಆ ಪದ್ಧತಿಯಲ್ಲಿ ಗ್ರಾಹಕರಿಗೆ ಒಂದು ರಕ್ಷಣೆಯಿತ್ತು. ಇಂದು ಹಣ ಮೊದಲೇ ಸಂದಾಯವಾಗುತ್ತದೆ. ಆ ರಕ್ಷಣೆ ಹೋಗಿದೆ. ಅದರ ಸ್ಥಾನದಲ್ಲಿ ನಿಲ್ಲಬೇಕಾದದ್ದು ವರ್ತಕರ ಮಾತು.

ಬಟವಾಡೆಯವನ ಲೆಕ್ಕ

ನಿರ್ಲಕ್ಷ್ಯದ ಬಟವಾಡೆಯನ್ನು ಕೇವಲ ಒಬ್ಬ ಯುವಕನ ಸ್ವಭಾವದೋಷವೆಂದು ತಳ್ಳಿಹಾಕುವುದು ಸರಿಯಲ್ಲ. ಬೆಂಗಳೂರಿನಲ್ಲಿ ಕೊರಿಯರ್ ಕಚೇರಿಗೆ ಒಪ್ಪಿಸಿದ ಪೊಟ್ಟಣ ನಗರದ ವಿಂಗಡಣಾ ಕೇಂದ್ರ, ಜಿಲ್ಲಾ ಕೇಂದ್ರಗಳನ್ನು ದಾಟಿ ತಾಲ್ಲೂಕಿನ ಏಜೆನ್ಸಿಗೆ ತಲುಪುತ್ತದೆ. ಅಲ್ಲಿಂದ ಮುಂದಿನ ಕೆಲಸ ಬಹಳ ಕಡೆ ಸ್ವಂತ ದ್ವಿಚಕ್ರ ವಾಹನದಲ್ಲಿ, ಪೊಟ್ಟಣವೊಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುವವನದು. ಪೇಟೆಯಲ್ಲಿ ಒಂದೇ ಬೀದಿಯಲ್ಲಿ ಹತ್ತು ಪೊಟ್ಟಣ ಕೊಡುವವನಿಗೂ, ಹಳ್ಳಿಯಲ್ಲಿ ಒಂದು ಪೊಟ್ಟಣಕ್ಕಾಗಿ ಹನ್ನೆರಡು ಕಿಲೋಮೀಟರ್ ಹೋಗುವವನಿಗೂ ಪೊಟ್ಟಣದ ಲೆಕ್ಕವೇ ಆಧಾರವಾದರೆ ಫಲವೇನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹೋಗಿಬರುವ ದಾರಿ 24 ಕಿಲೋಮೀಟರ್, ವಾಹನ ಲೀಟರಿಗೆ 50 ಕಿಲೋಮೀಟರ್ ಓಡುತ್ತದೆ, ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ಇಂಧನಕ್ಕೇ 48 ರೂಪಾಯಿ ಬೇಕು. ವಾಹನದ ಸವೆತ, ಮಳೆಯಲ್ಲಿ ಕಳೆಯುವ ಒಂದು ಗಂಟೆ ಇದರಲ್ಲಿ ಸೇರಿಲ್ಲ. ಅಂಗಡಿಯಿಂದ ಮನೆಯವರೆಗಿನ ಸಂಪೂರ್ಣ ಸಾಗಣೆಗೆ 80 ರೂಪಾಯಿ ಕೊಟ್ಟ ವರ್ತಕರು ಅದರಲ್ಲಿ ಕೊನೆಯ ಕೈಗೆ ಎಷ್ಟು ಉಳಿದೀತೆಂದು ಒಮ್ಮೆ ಯೋಚಿಸಬೇಕು. ಅದೇ ದಿಕ್ಕಿಗೆ ಇನ್ನೆರಡು ಪೊಟ್ಟಣ ಇಲ್ಲದಿದ್ದರೆ ಆ ಯುವಕನ ಮುಂದೆ ಉಳಿಯುವುದು ಎರಡೇ ದಾರಿ: ಕೈಯಿಂದ ಹಣ ಹಾಕಿ ಹೋಗುವುದು, ಇಲ್ಲವೇ ಮುಖ್ಯರಸ್ತೆಯ ಗೂಡಂಗಡಿಯಲ್ಲೋ ಹಾಲಿನ ಡೈರಿಯಲ್ಲೋ ಪೊಟ್ಟಣ ಬಿಟ್ಟು ‘ಬಟವಾಡೆ ಆಗಿದೆ’ ಎಂದು ಗುರುತು ಹಾಕುವುದು. ಎರಡನೆಯದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತಪ್ಪಿಗೆ ಅವಕಾಶ ಮಾಡಿಕೊಟ್ಟದ್ದು ಬೆಂಗಳೂರಿನಲ್ಲಿ ನಿಗದಿಯಾದ ದರ.

ಕರ್ನಾಟಕ ವಿಧಾನಮಂಡಲವು 2025ರಲ್ಲಿ ಅಂಗೀಕರಿಸಿದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯಿದೆಯು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಕಲ್ಪಿಸಿದೆ. ಇದು ಸ್ವಾಗತಾರ್ಹ ಕ್ರಮ. ಆದರೆ ಕಲ್ಯಾಣ ನಿಧಿಯೊಂದರಿಂದ ದೂರದ ಹಳ್ಳಿಯ ದಾರಿಖರ್ಚು ತುಂಬುವುದಿಲ್ಲ. ಅದನ್ನು ವ್ಯಾಪಾರದ ದರದಲ್ಲಿಯೇ ಸೇರಿಸಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ

‘ಸರಕು ಅಂಗಡಿ ಬಿಟ್ಟಮೇಲೆ ಹೊಣೆ ಮುಗಿಯಿತು’ ಎಂಬ ನಂಬಿಕೆ ವರ್ತಕ ವಲಯದಲ್ಲಿ ಬಲವಾಗಿದೆ. ಅದಕ್ಕೆ ಅರ್ಧದಷ್ಟು ಆಧಾರವೂ ಇದೆ. 1930ರ ಸರಕುಗಳ ಮಾರಾಟ ಅಧಿನಿಯಮದ 39ನೆಯ ಪ್ರಕರಣದ ಮೊದಲ ಉಪಪ್ರಕರಣದಂತೆ, ಸರಕನ್ನು ಸಾಗಣೆದಾರನಿಗೆ ಒಪ್ಪಿಸುವುದು ಮೇಲ್ನೋಟಕ್ಕೆ ಖರೀದಿದಾರನಿಗೇ ಒಪ್ಪಿಸಿದಂತೆ. ಆದರೆ ಇದು ಮೇಲ್ನೋಟದ ಗ್ರಹಿಕೆ ಮಾತ್ರ. ಅದರ ಮುಂದಿನ ಉಪಪ್ರಕರಣವನ್ನು ಓದುವವರು ಕಡಿಮೆ. ಸರಕಿನ ಸ್ವರೂಪ ಮತ್ತು ಸಂದರ್ಭಕ್ಕೆ ತಕ್ಕಂತೆ ನ್ಯಾಯಸಮ್ಮತವಾದ ಸಾಗಣೆ ಕರಾರನ್ನು ಮಾಡಿಕೊಳ್ಳುವುದು ಮಾರಾಟಗಾರನ ಕರ್ತವ್ಯ. ಅದನ್ನು ಮಾಡದೆ ದಾರಿಯಲ್ಲಿ ಸರಕು ಕಳೆದರೆ ಅಥವಾ ಹಾಳಾದರೆ, ಸಾಗಣೆದಾರನಿಗೆ ಒಪ್ಪಿಸಿದ್ದನ್ನು ತನಗೆ ಒಪ್ಪಿಸಿದಂತೆ ಭಾವಿಸಲು ಖರೀದಿದಾರ ನಿರಾಕರಿಸಬಹುದು, ಇಲ್ಲವೇ ಮಾರಾಟಗಾರನಿಂದ ನಷ್ಟ ಪರಿಹಾರ ಕೇಳಬಹುದು ಎಂದು ಅದು ವಿಧಿಸುತ್ತದೆ. ‘ಮನೆ ಬಾಗಿಲಿಗೆ ತಲುಪಿಸಲಾಗುವುದು’ ಎಂದು ಫಲಕ ಹಾಕಿ ಹಣ ಪಡೆದ ಅಂಗಡಿಯವರಿಗೆ ಮೊದಲ ಉಪಪ್ರಕರಣದ ಆಸರೆ ಎಷ್ಟರಮಟ್ಟಿಗೆ ಸಿಕ್ಕೀತೆಂಬುದು ಯೋಚಿಸಬೇಕಾದ ವಿಷಯ.

ಸಾಗಣೆದಾರನ ಹೊಣೆಯನ್ನು ನಿರ್ಧರಿಸುವುದು 2007ರ ರಸ್ತೆ ಸಾಗಣೆ ಅಧಿನಿಯಮ. 1865ರ ಹಳೆಯ ಕಾಯಿದೆಯ ಬದಲಿಗೆ ಬಂದು 2011ರಲ್ಲಿ ಜಾರಿಯಾದ ಈ ಅಧಿನಿಯಮವು ಮನೆಯಿಂದ ಮನೆಗೆ ಸರಕು ಸಾಗಿಸುವ ಕೊರಿಯರ್ ಸಂಸ್ಥೆಗಳನ್ನೂ ಒಳಗೊಳ್ಳುತ್ತದೆ. ನಷ್ಟವಾದಾಗ ಸಾಗಣೆದಾರನ ನಿರ್ಲಕ್ಷ್ಯವನ್ನು ದೂರುದಾರನೇ ಸಾಬೀತುಪಡಿಸಬೇಕಾಗಿಲ್ಲ ಎಂಬುದು ವರ್ತಕರಿಗೆ ಅನುಕೂಲಕರ ಅಂಶ. ಆದರೆ ಎರಡು ಷರತ್ತುಗಳನ್ನು ನೆನಪಿಡಬೇಕು. ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡದಿದ್ದರೆ ದಾವೆ ಹೂಡುವಂತಿಲ್ಲ. ಎರಡನೆಯದಾಗಿ, 2011ರ ನಿಯಮಗಳಂತೆ, ಹೆಚ್ಚಿನ ಮೌಲ್ಯ ಘೋಷಿಸಿ ಹೆಚ್ಚಿನ ಅಪಾಯದ ದರ ಪಾವತಿಸದಿದ್ದರೆ ಸಾಗಣೆದಾರನ ಹೊಣೆ ಸಾಗಣೆ ದರದ ಹತ್ತು ಪಟ್ಟಿಗೆ ಸೀಮಿತ. ಮೇಲಿನ ಉದಾಹರಣೆಯಲ್ಲಿ 80 ರೂಪಾಯಿಗೆ ಹತ್ತು ಪಟ್ಟೆಂದರೆ 800 ರೂಪಾಯಿ. ಸೀರೆಯ ಬೆಲೆ 4,000. ಉಳಿದ 3,200 ರೂಪಾಯಿ ಯಾರ ತಲೆಯ ಮೇಲೆ ಬೀಳಬೇಕೆಂಬುದನ್ನು ಬುಕಿಂಗ್ ಸಮಯದಲ್ಲಿಯೇ ತೀರ್ಮಾನಿಸಬೇಕಿತ್ತು.

ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳೂ ಗಮನಾರ್ಹ. ಭಾರತಿ ನಿಟ್ಟಿಂಗ್ ಕಂಪನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಹೊಣೆಯನ್ನು 100 ಡಾಲರಿಗೆ ಮಿತಿಗೊಳಿಸಿದ್ದ ಕೊರಿಯರ್ ರಸೀದಿಗೆ ಸಹಿ ಹಾಕಿದ ಪಕ್ಷಕಾರರು ಆ ಷರತ್ತಿಗೆ ಬದ್ಧರು ಎಂದು ಎತ್ತಿಹಿಡಿಯಿತು. ಜರ್ಮನಿಗೆ ಕಳುಹಿಸಿದ ದಾಖಲೆಗಳು ತಲುಪದ ಆ ಪ್ರಕರಣದಲ್ಲಿ ಕಂಪನಿಗೆ ಆಗಿದ್ದ ನಷ್ಟ ಅದಕ್ಕಿಂತ ಬಹಳ ಹೆಚ್ಚಿನದಾಗಿತ್ತು. ಓದದೆ ಹಾಕಿದ ಸಹಿಯೂ ಸಹಿಯೇ ಎಂಬುದು ಇದರ ಪಾಠ. ಅಂಚೆಯ ವಿಷಯದಲ್ಲಿಯೂ ಮಿತಿಯಿದೆ. 2024ರ ಜೂನ್ 18ರಿಂದ ಜಾರಿಯಲ್ಲಿರುವ 2023ರ ಅಂಚೆ ಕಚೇರಿ ಅಧಿನಿಯಮದ 10ನೆಯ ಪ್ರಕರಣದಂತೆ, ನಿಯಮಗಳಲ್ಲಿ ಗೊತ್ತುಪಡಿಸಿದ ಹೊಣೆಯ ಹೊರತು ಬೇರೆ ಹೊಣೆ ಅಂಚೆ ಕಚೇರಿಗೆ ಇರುವುದಿಲ್ಲ.

ಸಾಗಣೆದಾರನ ಹೊಣೆಗೆ ಹೀಗೆ ಮಿತಿಗಳಿದ್ದರೂ ಗ್ರಾಹಕನ ಹಕ್ಕು ಹಿಂದಿಗಿಂತ ವಿಸ್ತಾರವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ತೀರ್ಥಹಳ್ಳಿಯ ಗ್ರಾಹಕರು ಬೆಂಗಳೂರಿಗೆ ಬರಬೇಕಿಲ್ಲ. ಚಾಮರಾಜಪೇಟೆಯ ವರ್ತಕರೇ ಶಿವಮೊಗ್ಗಕ್ಕೆ ಹೋಗಿ ಉತ್ತರಿಸಬೇಕಾದೀತು. 2020ರ ಇ-ವಾಣಿಜ್ಯ ನಿಯಮಗಳು ಜಾಲತಾಣದ ಮೂಲಕ ಮಾರುವ ಸಂಸ್ಥೆಗಳ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು ಎಂದು ವಿಧಿಸಿವೆ. ‘ಕೊರಿಯರಿನವರನ್ನು ಕೇಳಿ’ ಎಂಬ ಮಾತು ಇತ್ಯರ್ಥವೆನಿಸುವುದಿಲ್ಲ.

ಕೇಳಿಬರುವ ಆಕ್ಷೇಪಗಳು

ವರ್ತಕರ ಕಡೆಯಿಂದ ಮೂರು ಆಕ್ಷೇಪಗಳು ಬರಬಹುದು, ಮೂರರಲ್ಲಿಯೂ ಸತ್ಯಾಂಶವಿದೆ. ಮೊದಲನೆಯದು ದರದ್ದು. ದೊಡ್ಡ ಮಾರುಕಟ್ಟೆ ಜಾಲತಾಣಗಳು ‘ಉಚಿತ ಬಟವಾಡೆ’ಯ ರೂಢಿ ಮಾಡಿರುವಾಗ ಸಣ್ಣ ಅಂಗಡಿಯವರು ಹೆಚ್ಚುವರಿ ಶುಲ್ಕ ಕೇಳಿದರೆ ಗ್ರಾಹಕರು ಬೇರೆಡೆ ಹೋಗುತ್ತಾರೆಂಬ ಭಯ. ಆದರೆ ಹಳ್ಳಿಯಲ್ಲಿರುವವರು ಗಾಂಧಿ ಬಜಾರಿನ ಅಂಗಡಿಯನ್ನೇ ಹುಡುಕಿಕೊಂಡು ಬರುವುದು ಅಗ್ಗದ ದರಕ್ಕಾಗಿ ಅಲ್ಲ; ಆ ಸರಕು, ಆ ರುಚಿ, ಆ ಅಂಗಡಿಯ ಹೆಸರಿಗಾಗಿ. ಮೂವತ್ತು ರೂಪಾಯಿ ಹೆಚ್ಚಾದರೂ ಒದ್ದೆಯಾಗದೆ ಮನೆ ಸೇರುತ್ತದೆಂಬ ಖಾತ್ರಿಯಿದ್ದರೆ ಕೊಡುವವರಿದ್ದಾರೆ. ಎರಡು ದರಗಳನ್ನೂ ಮುಂದಿಟ್ಟು ಆಯ್ಕೆಯನ್ನು ಗ್ರಾಹಕರಿಗೆ ಬಿಡುವುದರಲ್ಲಿ ನಷ್ಟವಿಲ್ಲ.

ಎರಡನೆಯದು, ಮಾರುಕಟ್ಟೆ ಜಾಲತಾಣಗಳ ಮೂಲಕ ಮಾರುವಾಗ ಸಾಗಣೆದಾರನನ್ನು ಆರಿಸುವವರು ವರ್ತಕರಲ್ಲ ಎಂಬುದು. ಇದು ನಿಜ. ಹಾಗಿದ್ದರೂ ಪೊಟ್ಟಣ ಕಟ್ಟುವ ಕೈ ವರ್ತಕರದೇ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಹಾಕದೆ ಬರೀ ರಟ್ಟಿನಲ್ಲಿ ಕಳುಹಿಸಿದರೆ ಎಷ್ಟು ಎಚ್ಚರದ ಬಟವಾಡೆಯೂ ಸರಕನ್ನು ಕಾಪಾಡಲಾರದು.

ಮೂರನೆಯದು, ಗ್ರಾಹಕರೇ ವಿಳಾಸವನ್ನು ಸರಿಯಾಗಿ ಕೊಡುವುದಿಲ್ಲ ಎಂಬುದು. ಅವರು ಕೊಡುವುದು ತಮ್ಮ ಊರಿನಲ್ಲಿ ನಡೆಯುವ ವಿಳಾಸವನ್ನು. ಅದು ಪೇಟೆಗೆ ಸಾಲದೆಂದು ತಿಳಿದವರು ಹೆಚ್ಚಿನ ವಿವರ ಕೇಳಬೇಕು. ಅಳತೆ ಕೇಳದೆ ಬಟ್ಟೆ ಕತ್ತರಿಸುವ ದರ್ಜಿಯಿಲ್ಲ. ದಾರಿ ಕೇಳದೆ ಪೊಟ್ಟಣ ಕಳುಹಿಸುವ ವರ್ತಕರೂ ಇರಬಾರದು.

ವರ್ತಕರು ಮಾಡಬಹುದಾದದ್ದು

ಪರಿಹಾರ ಅಂಗಡಿಯ ಹಿಂಬದಿಯ ಕೋಣೆಯಿಂದಲೇ ಆರಂಭವಾಗಬೇಕು. ಹಳ್ಳಿಯ ಬೇಡಿಕೆ ಬಂದಾಗ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುವ ಪರಿಪಾಠ ಬೆಳೆಯಲಿ: ಮುಖ್ಯರಸ್ತೆಯಿಂದ ಮನೆಗೆ ದಾರಿ ಯಾವುದು, ಕರೆ ಸಿಗದಿದ್ದರೆ ಎರಡನೆಯ ದೂರವಾಣಿ ಸಂಖ್ಯೆ ಯಾರದು, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಯಾರ ಕೈಗೆ ಕೊಡಬೇಕು. ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು. ಗೂಡಂಗಡಿಯಲ್ಲಿ ಬಿಡುವುದು ಎಲ್ಲ ಸಂದರ್ಭದಲ್ಲೂ ತಪ್ಪಲ್ಲ. ಗ್ರಾಹಕರನ್ನು ಕೇಳದೆ ಬಿಡುವುದು ತಪ್ಪು. ‘ಸೊಸೈಟಿಯಲ್ಲಿ ಕೊಡಿ, ಸಂಜೆ ಹಾಲು ಹಾಕಲು ಹೋದಾಗ ತರುತ್ತೇವೆ’ ಎಂದು ಗ್ರಾಹಕರೇ ಬರೆದುಕೊಟ್ಟರೆ ಬಟವಾಡೆಯವನ ಶ್ರಮವೂ ಉಳಿಯುತ್ತದೆ, ವಿವಾದವೂ ಉಳಿಯುವುದಿಲ್ಲ. ಈ ವಿವರ ಪೊಟ್ಟಣದ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿರಲಿ. ಅಂಚೆ ಇಲಾಖೆಯು ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದೊಡನೆ ರೂಪಿಸಿ 2025ರಲ್ಲಿ ಬಿಡುಗಡೆ ಮಾಡಿದ ಡಿಜಿಪಿನ್, ಸುಮಾರು ನಾಲ್ಕು ಮೀಟರ್ ಚೌಕದ ಪ್ರತಿಯೊಂದು ಸ್ಥಳಕ್ಕೂ ಹತ್ತು ಅಕ್ಷರ-ಅಂಕಿಗಳ ಸಂಕೇತ ಕೊಡುತ್ತದೆ. ಒಂಟಿ ಮನೆಗಳ ಸೀಮೆಗೆ ಇದು ತಕ್ಕ ಸಾಧನ. ಗ್ರಾಹಕರಿಂದ ಒಮ್ಮೆ ಕೇಳಿ ಬರೆದಿಟ್ಟುಕೊಂಡರೆ ಪ್ರತಿ ವರ್ಷವೂ ಬಳಕೆಗೆ ಬರುತ್ತದೆ.

ಸಾಗಣೆದಾರನ ಆಯ್ಕೆ ಊರನ್ನು ನೋಡಿ ಆಗಬೇಕೇ ಹೊರತು ದರಪಟ್ಟಿಯನ್ನು ಮಾತ್ರ ನೋಡಿ ಅಲ್ಲ. ಶಾಖಾ ಅಂಚೆ ಕಚೇರಿ ಇರುವ ಒಳನಾಡಿಗೆ ಅಂಚೆಯೇ ಲೇಸಾಗಬಹುದು. 2025ರಲ್ಲಿ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನೊಡನೆ ವಿಲೀನಗೊಳಿಸಿದ ನಂತರ, ವಿಳಾಸದಾರರಿಗೇ ಕೊಡುವ ನೋಂದಣಿ ಸೌಲಭ್ಯ ಹಾಗೂ ಒಟಿಪಿ ಪಡೆದು ಬಟವಾಡೆ ಮಾಡುವ ಸೌಲಭ್ಯಗಳನ್ನು ತಲಾ 5 ರೂಪಾಯಿ ಮತ್ತು ಜಿಎಸ್‌ಟಿ ದರದಲ್ಲಿ ಒದಗಿಸಲಾಗಿದೆ. ಚಾಮರಾಜಪೇಟೆ, ಬಸವನಗುಡಿಗಳ ಪುಸ್ತಕ ವ್ಯಾಪಾರಿಗಳು 2025ರ ಮೇ 1ರಂದು ಆರಂಭವಾದ ‘ಜ್ಞಾನ ಪೋಸ್ಟ್’ ಸೇವೆಯನ್ನು ಗಮನಿಸಬಹುದು. ಪಠ್ಯ ಹಾಗೂ ಜ್ಞಾನಪ್ರಸಾರದ ಪುಸ್ತಕಗಳನ್ನು ಕಡಿಮೆ ದರದಲ್ಲಿ ಒಯ್ಯುವ ಈ ಸೇವೆಯಲ್ಲಿ ಪೊಟ್ಟಣದ ಜಾಡು ಹಿಡಿಯುವ ಅನುಕೂಲವಿದೆ. ತಾಲ್ಲೂಕು ಕೇಂದ್ರಕ್ಕೆ ಆಗಾಗ ಬರುವ ಗ್ರಾಹಕರಿಗೆ ರಾಜ್ಯ ರಸ್ತೆ ಸಾರಿಗೆ ನಿಗಮ 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಮೂಲಕ ಬಸ್ ನಿಲ್ದಾಣಕ್ಕೆ ಕಳುಹಿಸುವುದು ಮನೆಬಾಗಿಲಿನ ಅನಿಶ್ಚಿತತೆಗಿಂತ ಒಳ್ಳೆಯದಾಗಬಹುದು. ಖಾಸಗಿ ಕೊರಿಯರನ್ನೇ ಬಳಸುವಲ್ಲಿ ಬೆಲೆಬಾಳುವ ಸರಕಿನ ಮೌಲ್ಯವನ್ನು ರಸೀದಿಯಲ್ಲಿ ಘೋಷಿಸಬೇಕು. ದೂರದ ಹಳ್ಳಿಗಳಿಗೆ ಪ್ರತ್ಯೇಕ ಬಟವಾಡೆ ಭತ್ಯೆ ಕೊನೆಯ ಕೈಗೆ ಸಲ್ಲುವಂತೆ ಕರಾರಿನಲ್ಲಿ ಬರೆಸಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ಪೊಟ್ಟಣಗಳು ಕೆಡುತ್ತವೆ. ಆಗ ನಡೆದುಕೊಳ್ಳುವ ರೀತಿಯೇ ಅಂಗಡಿಯ ಹೆಸರನ್ನು ನಿರ್ಣಯಿಸುತ್ತದೆ. ಗ್ರಾಹಕರಿಗೆ ಮೊದಲು ಬದಲಿ ಸರಕು ಅಥವಾ ಹಣ ಕೊಟ್ಟು, ನಂತರ ಸಾಗಣೆದಾರನಿಂದ ವಸೂಲು ಮಾಡುವುದು ಸರಿಯಾದ ಕ್ರಮ. ಸಾಗಣೆದಾರನೊಡನೆ ವಾದಿಸಲು ರಸೀದಿ, ಕರಾರು, ನಿರಂತರ ವ್ಯವಹಾರದ ಬಲ ಇರುವುದು ವರ್ತಕರಿಗೆ, ಹಳ್ಳಿಯ ಗೃಹಿಣಿಗಲ್ಲ. 180 ದಿನಗಳ ಗಡುವನ್ನು ದಿನಚರಿಯಲ್ಲಿ ಗುರುತಿಟ್ಟುಕೊಳ್ಳುವುದೂ ವರ್ತಕರ ಕೆಲಸವೇ.

ವಾಣಿಜ್ಯ ಸಂಸ್ಥೆಗಳ ಪಾತ್ರ

ಒಬ್ಬ ಸಣ್ಣ ವರ್ತಕರ ಮಾತಿಗೆ ದೊಡ್ಡ ಕೊರಿಯರ್ ಸಂಸ್ಥೆ ಕರಾರು ಬದಲಾಯಿಸುವುದಿಲ್ಲ. ಮುದ್ರಿತ ರಸೀದಿಗೆ ಸಹಿ ಹಾಕುವುದೊಂದೇ ಅವರಿಗುಳಿದ ದಾರಿ. ಒಂದು ಬಡಾವಣೆಯ ನೂರು ಅಂಗಡಿಗಳು ಒಟ್ಟಾಗಿ ಕೇಳಿದರೆ ಚಿತ್ರ ಬದಲಾಗುತ್ತದೆ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ವಾಣಿಜ್ಯ ಸಂಸ್ಥೆಗೆ ಅಡಿಪಾಯ ಹಾಕಿದ್ದು ಬಿಡಿಬಿಡಿಯಾಗಿ ಆಗದ ಕೆಲಸಗಳನ್ನು ಕೂಡಿ ಮಾಡಲೆಂದೇ. ಗ್ರಾಮೀಣ ಬಟವಾಡೆಗೆ ಒಂದು ಮಾದರಿ ಕರಾರು ರೂಪಿಸುವುದು ಇಂತಹ ಸಂಸ್ಥೆಗಳಿಗೆ ತಕ್ಕ ಕಾರ್ಯ. ಬಟವಾಡೆಯ ಪುರಾವೆ ಹೇಗಿರಬೇಕು, ಗ್ರಾಹಕರ ಒಪ್ಪಿಗೆಯಿಲ್ಲದೆ ಬೇರೆಯವರ ಕೈಗೆ ಕೊಟ್ಟರೆ ಪರಿಹಾರವೆಷ್ಟು, ಸುಳ್ಳು ಗುರುತಿಗೆ ದಂಡವೇನು, ದೂರದ ಊರಿಗೆ ಭತ್ಯೆ ಎಷ್ಟು ಎಂಬ ನಾಲ್ಕು ಅಂಶಗಳು ಅದರಲ್ಲಿದ್ದರೆ ಆರಂಭಕ್ಕೆ ಸಾಕು.

ಜಿಲ್ಲಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ನೆರವಿನಿಂದ ತಾಲ್ಲೂಕು ಮಟ್ಟದಲ್ಲಿ ಒಪ್ಪಿತ ಸಂಗ್ರಹ ಕೇಂದ್ರಗಳನ್ನು ಗುರುತಿಸುವ ಸಾಧ್ಯತೆಯೂ ಇದೆ. ಊರಿನ ಕಿರಾಣಿ ಅಂಗಡಿಯವರು ಸಣ್ಣ ಶುಲ್ಕಕ್ಕೆ ಪೊಟ್ಟಣವನ್ನು ಸಹಿ ಪಡೆದು ಇಟ್ಟುಕೊಂಡು ಗ್ರಾಹಕರಿಗೆ ತಿಳಿಸುವ ಏರ್ಪಾಡಾದರೆ, ಇಂದು ಕಳ್ಳದಾರಿಯಲ್ಲಿ ನಡೆಯುತ್ತಿರುವುದೇ ಸರಿಯಾದ ದಾರಿಗೆ ಬರುತ್ತದೆ. ಬಟವಾಡೆಯವನು ಒಂದೇ ಕಡೆ ಹತ್ತು ಪೊಟ್ಟಣ ಇಳಿಸುತ್ತಾನೆ. ಅಂಗಡಿಯವರಿಗೆ ನಾಲ್ಕು ಕಾಸು ಸಿಗುತ್ತದೆ. ಗ್ರಾಹಕರಿಗೆ ಸರಕು ಎಲ್ಲಿದೆಯೆಂಬುದು ಗೊತ್ತಿರುತ್ತದೆ.

ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರ ಕೈಗೆ ತಲುಪಿಸಿದ್ದನ್ನು ಕನ್ನಡ ನಾಡು ಇಂದಿಗೂ ನೆನೆಯುತ್ತದೆ. ಇಂದಿನ ವರ್ತಕರು ಹೊರೆ ಹೊರಬೇಕಿಲ್ಲ. ಆದರೆ ಸರಕು ಯಾರ ಕೈಸೇರಿತೆಂಬ ಕಾಳಜಿಯನ್ನು ರಸೀದಿಯ ಸಂಖ್ಯೆಯೊಂದಿಗೆ ಬೇರೆಯವರಿಗೆ ಒಪ್ಪಿಸಿಬಿಡುವಂತಿಲ್ಲ. ದೂರದ ಮನೆಯೊಂದರಿಂದ ಮುಂಗಡ ಹಣ ಬರುವುದು ಆ ಅಂಗಡಿಯ ಮೇಲಿನ ನಂಬಿಕೆಯಿಂದ. ಒದ್ದೆಯಾದ ಒಂದು ಪೊಟ್ಟಣ ಆ ಮನೆಯ ಜೊತೆಗೆ ಅದರ ನೆಂಟರಿಷ್ಟರ ಮನೆಗಳ ವ್ಯಾಪಾರವನ್ನೂ ಕಳೆಯುತ್ತದೆ. ಮುಂದಿನ ಶ್ರಾವಣದ ಬೇಡಿಕೆಗಳು ಬರುವ ಮುನ್ನ ಪ್ರತಿಯೊಬ್ಬ ವರ್ತಕರೂ ತಮ್ಮ ಕೊರಿಯರ್ ರಸೀದಿಯ ಹಿಂಬದಿಯನ್ನು ಒಮ್ಮೆ ಪೂರ್ತಿಯಾಗಿ ಓದಲಿ, ಕಳೆದ ಬಾರಿ ದೂರು ಹೇಳಿದ ಗ್ರಾಹಕರಿಗೆ ಒಮ್ಮೆ ತಾವಾಗಿ ದೂರವಾಣಿ ಮಾಡಲಿ. ಕೆಲಸ ಆರಂಭವಾಗಬೇಕಾದದ್ದು ಅಲ್ಲಿಂದಲೇ.